ಸಾವಿನ ಕಾರಣ ಬರಿಯೋ ಪೆನ್ನು ಯಾರ ಕೈಯಾಗ? ಮೆಡಿಕಲ್ ಕೋಡಿಂಗ್ ಕಲಿಯೋ ನಮ್ಮ ಮಕ್ಕಳಿಗಾಗಿ ಒಂದಿಷ್ಟು ಇತಿಹಾಸ

ಪೋಸ್ಟ್ ಉದ್ದ ಐತಿ, ಪುರಸೊತ್ತು ಮಾಡಿಕೊಂಡು ಓದ್ರಿ.

ಹೋದ ತಿಂಗಳು ನಮ್ಮ ಅಕ್ಕನ ಮಗಳು ಜಮಖಂಡಿಗೆ ಬಂದಿದ್ದಳು. ಬಿ.ಎಸ್ಸಿ. ಮುಗಿದು ಒಂದು ವರ್ಷ ಆಯ್ತು, ಕೆಲಸ ಇಲ್ಲ. ಕೈಯಾಗ ಒಂದು ಬಣ್ಣದ ಪಾಂಪ್ಲೆಟ್ ಇತ್ತು. ಮೆಡಿಕಲ್ ಬಿಲ್ಲಿಂಗ್ ಅಂಡ್ ಕೋಡಿಂಗ್, ನೂರಕ್ಕೆ ನೂರು ಕೆಲಸದ ಗ್ಯಾರಂಟಿ ಅಂತ ಅದರ ಮ್ಯಾಲೆ ದೊಡ್ಡ ಅಕ್ಷರ.

“ಮಾಮಾ, ಇದಕ್ಕ ರೊಕ್ಕ ಕಟ್ಟಲೇನು? ಅವ್ವ ಕಿವ್ಯಾಗಿನ ಬೆಂಡೋಲಿ ಒತ್ತಿ ಇಡ್ತೀನಿ ಅನ್ನಾಕತ್ತಾಳ.”

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಇನ್‌ವರ್ಡ್, ಔಟ್‌ವರ್ಡ್, ಫೈಲು ಅಂತ ಬದುಕಿದ ಗುಮಾಸ್ತ. ಕೋಡಿಂಗ್ ಅಂದ್ರ ಕಂಪ್ಯೂಟರ್ ಇಂಜಿನಿಯರ್‌ಗಳ ಕೆಲಸ ಅಂತಲೇ ತಿಳಿದಿದ್ದೆ. “ಹದಿನೈದು ದಿನ ತಡಿಯವ್ವಾ, ಬೆಂಡೋಲಿ ಕಿವ್ಯಾಗ ಇರಲಿ” ಅಂದೆ. ಆಮೇಲೆ ಬೆಂಗಳೂರಿನಲ್ಲಿ ಈ ಕೆಲಸ ಮಾಡೋ ನಮ್ಮ ಹುಡುಗರಿಗೆ ಫೋನ್ ಮಾಡಿದೆ, ಸಿಕ್ಕಿದ್ದು ಓದಿದೆ. ಒಂದು ನೌಕರಿಯ ಬಗ್ಗೆ ತಿಳಿಯಾಕ ಹೋದವನಿಗೆ ನಮ್ಮದೇ ಒಂದು ಇತಿಹಾಸ ಸಿಕ್ತು. ಅದನ್ನ ಇಲ್ಲಿ ಬರೀತೀನಿ.

ಮೊದಲು ಕೆಲಸ ಏನು ಅಂತ ಹೇಳ್ತೀನಿ. ಮುಧೋಳ ಕಡೆ ಕಬ್ಬು ಕಡಿಯೋ ಹೆಣ್ಣುಮಗಳಿಗೆ ಹಾವು ಕಚ್ಚಿತು ಅಂತ ಇಟ್ಕೊಳ್ರಿ. ಆಸ್ಪತ್ರೆಯಲ್ಲಿ ಡಾಕ್ಟರು ನೋಡ್ತಾರೆ, ಇಂಜೆಕ್ಷನ್ ಕೊಡ್ತಾರೆ, ನಾಲ್ಕು ದಿನ ಇಟ್ಕೊಂಡು ಕಳಿಸ್ತಾರೆ. ಡಾಕ್ಟರು ಬರೆದ ಆ ಕಾಗದಗಳನ್ನೆಲ್ಲ ಒಬ್ಬರು ಓದಿ, ಯಾವ ರೋಗ, ಹೆಂಗ ಬಂತು, ಏನೇನು ಚಿಕಿತ್ಸೆ ಮಾಡಿದರು ಅನ್ನೋದನ್ನ ಅಂತಾರಾಷ್ಟ್ರೀಯ ಪಟ್ಟಿಯ ಅಕ್ಷರ-ಅಂಕಿಗಳಿಗೆ ಇಳಿಸಬೇಕು. ಹಾವಿನ ವಿಷಕ್ಕೆ ಟಿ63.0. ಇದು ಕೋಡಿಂಗ್. ಆ ಕೋಡ್ ಹಚ್ಚಿ ವಿಮಾ ಕಂಪನಿಗೋ ಸರ್ಕಾರಕ್ಕೋ ದುಡ್ಡು ಕೇಳೋದು, ತಿರಸ್ಕಾರ ಆದ್ರ ಯಾಕ ಅಂತ ವಿಚಾರಿಸಿ ಮತ್ತೆ ಕಳಿಸೋದು ಬಿಲ್ಲಿಂಗ್. ಕೋಡ್ ತಪ್ಪಿದರೆ ದುಡ್ಡು ಬರೋದಿಲ್ಲ. ಅಂದ್ರ ಇದು ಡಾಕ್ಟರ್ ಕೆಲಸ ಅಲ್ಲ, ಇಂಜಿನಿಯರ್ ಕೆಲಸಾನೂ ಅಲ್ಲ. ಓದಿ ಅರ್ಥ ಮಾಡಿಕೊಂಡು ಸರಿಯಾಗಿ ದಾಖಲೆ ಬರಿಯೋ ಕೆಲಸ. ನನ್ನಂಥ ಗುಮಾಸ್ತನ ಕೆಲಸದ ಅಣ್ಣನೋ ತಮ್ಮನೋ.

ಬರಿಯೋ ಕೆಲಸ ಅಂದ ಕೂಡಲೇ ನನಗೆ ನಮ್ಮೂರಿನ ಹಳೇ ಕಥೆ ನೆನಪಾಯ್ತು.

ನಮ್ಮ ಈ ನಾಲ್ಕು ಊರು ಸ್ವಾತಂತ್ರ್ಯದ ಮೊದಲು ನಾಲ್ಕು ಒಡೆತನದಾಗ ಹಂಚಿಹೋಗಿದ್ದವು. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯೊಳಗಿತ್ತು. ರಾಜರು ಬ್ಯಾರೆ ಬ್ಯಾರೆ, ಆದರೆ ಊರೊಳಗಿನ ಪೆನ್ನು ಒಂದೇ ಮನೆತನದ ಕೈಯಾಗ. ಗೌಡ ಆಳಬೇಕು, ಕುಲಕರ್ಣಿ ಬರೀಬೇಕು, ನಮ್ಮವರು ಓಡಬೇಕು. ಹೊಲ ಯಾರದು, ತೆರಿಗೆ ಎಷ್ಟು ಎಲ್ಲಾ ಕುಲಕರ್ಣಿಯ ದಪ್ತರದಾಗ. ಅಪ್ಪನಿಂದ ಮಗನಿಗೆ ಪೆನ್ನು. ನಮ್ಮ ಮನೆಯಲ್ಲೂ ಅಪ್ಪನಿಂದ ಮಗನಿಗೆ ಬಂದದ್ದಿತ್ತು: ಹಲಗಿ, ಕೋಲು, ಸತ್ತ ದನದ ಹಗ್ಗ.

ನಮ್ಮಜ್ಜ ವಾಲಿಕಾರಕಿ ಮಾಡಿದವನು. ಊರಾಗ ಯಾರಾದ್ರೂ ದೊಡ್ಡವರು ಸತ್ತರೆ ಆ ಸುದ್ದಿ ಹೊತ್ತುಕೊಂಡು ಹತ್ತಾರು ಮೈಲಿ ನಡೆದು ಬೀಗರ ಊರಿಗೆ ಮುಟ್ಟಿಸಬೇಕು. ಮಳೆ ಇರಲಿ, ರಾತ್ರಿ ಇರಲಿ. ಹೋದ ಊರಲ್ಲಿ ಹೊರಗೆ ನಿಂತು ಕೂಗಿ ಹೇಳಬೇಕು. ತಿರುಗಿ ಬಂದು ಕುಣಿ ತೋಡಬೇಕು. ಸಾವಿಗೆ ಎಲ್ಲರಿಗಿಂತ ಹತ್ತಿರ ಇದ್ದವನು ಅವನು. ಸತ್ತವರು ಯಾರು, ಹೆಂಗ ಸತ್ತರು, ಬಾಯಾಗ ಬುರುಗು ಬಂದಿತ್ತೋ, ಮೈ ನೀಲಿ ಆಗಿತ್ತೋ, ಎಲ್ಲಾ ಅವನಿಗೆ ಗೊತ್ತು. ಆದರೆ ಅದನ್ನ ಪುಸ್ತಕದಾಗ ಬರಿಯೋ ಹಕ್ಕು ಅವನಿಗಿರಲಿಲ್ಲ. ಅಕ್ಷರವೂ ಇರಲಿಲ್ಲ.

ಬ್ರಿಟಿಷ್ ಸೀಮೆಯಲ್ಲಿ ಈ ವತನ ಪದ್ಧತಿಗೆ 1874ರ ಬೊಂಬಾಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮುದ್ರೆ ಒತ್ತಿತ್ತು. ಬಾಬಾಸಾಹೇಬರು 1928ರಲ್ಲಿ ಬೊಂಬಾಯಿ ವಿಧಾನ ಪರಿಷತ್ತಿನಲ್ಲಿ ಅದನ್ನ ತಿದ್ದಲು ಮಸೂದೆ ತಂದರು. ಹೊತ್ತಿಲ್ಲದ ಹೊತ್ತಿನಲ್ಲಿ ದುಡಿಸಿಕೊಂಡು ಒಂದು ತುಂಡು ಭೂಮಿ, ಒಂದಿಷ್ಟು ಕಾಳು ಕೊಡೋ ಈ ವತನವೇ ನಮ್ಮವರನ್ನ ಕಟ್ಟಿಹಾಕಿದ ಸರಪಳಿ ಅನ್ನೋದು ಅವರ ನಿಲುವು. ನಮ್ಮ ರಾಜ್ಯದಲ್ಲಿ ಹಳ್ಳಿ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾಗಿದ್ದು 1963ರ ಫೆಬ್ರವರಿಯಲ್ಲಿ. ಆಮೇಲೆ ಕುಲಕರ್ಣಿ ಜಾಗಕ್ಕೆ ಸಂಬಳದ ತಲಾಠಿ ಬಂದ. ಮೀಸಲಾತಿಯಿಂದ ನಮ್ಮ ಹುಡುಗರೂ ತಲಾಠಿ ಆದರು, ನಾನೂ ಗುಮಾಸ್ತ ಆದೆ. 1969ರ ಜನನ ಮರಣ ನೋಂದಣಿ ಕಾಯ್ದೆ ಬಂದ ಮೇಲೆ ಹಳ್ಳಿಯಲ್ಲಿ ಸಾವು ಬರೆದುಕೊಳ್ಳೋ ನೋಂದಣಾಧಿಕಾರಿ ಈ ತಲಾಠಿಯೇ ಆದ. ಅಜ್ಜ ಹೊತ್ತ ಸುದ್ದಿಯನ್ನ ಮೊಮ್ಮಗ ಬರಿಯೋ ಕಾಲ ಬಂತು. ಇದು ಸಣ್ಣ ಮಾತಲ್ಲ.

ಈಗ ಇಲ್ಲಿಂದ ದೂರದ ಲಂಡನ್‌ಗೆ ಹೋಗೋಣ. ಯಾಕಂದ್ರ ಈ ಕೋಡಿಂಗ್ ಅನ್ನೋದರ ಬೇರು ಅಲ್ಲೈತಿ. ಮತ್ತ ಅಲ್ಲಿಯೂ ನಮ್ಮಜ್ಜನಂಥವರೇ ಸಿಗ್ತಾರೆ.

ನಾಲ್ಕುನೂರು ವರ್ಷದ ಹಿಂದೆ ಲಂಡನ್‌ನಲ್ಲಿ ಪ್ಲೇಗ್ ಮತ್ತೆ ಮತ್ತೆ ಬರ್ತಿತ್ತು. ಈ ವಾರ ಎಷ್ಟು ಜನ ಸತ್ತರು, ಯಾವ ರೋಗದಿಂದ ಸತ್ತರು ಅಂತ ವಾರಕ್ಕೊಮ್ಮೆ ಪಟ್ಟಿ ತೆಗೀತಿದ್ದರು. ಹೆಣ ನೋಡಿ ರೋಗ ಯಾವುದು ಅಂತ ಹೇಳುತ್ತಿದ್ದವರು ಡಾಕ್ಟರುಗಳಲ್ಲ. ಚರ್ಚಿನ ಧರ್ಮದ ದುಡ್ಡಿನಲ್ಲಿ ಬದುಕುತ್ತಿದ್ದ ಬಡ ಮುದುಕಿಯರು, ವಿಧವೆಯರು. ಅವರಿಗೆ ‘ಸರ್ಚರ್ಸ್’ ಅಂತಿದ್ದರು, ಅಂದ್ರ ಹುಡುಕೋರು. ಪ್ಲೇಗ್ ಹೆಣ ಮುಟ್ಟೋರು ಅಂತ ಜನ ಅವರನ್ನ ದೂರ ಇಡ್ತಿದ್ದರು. ಅವರು ಬಾಯಿಲೆ ಹೇಳಿದ್ದನ್ನ ಚರ್ಚಿನ ಗುಮಾಸ್ತ ಬರಕೊಳ್ತಿದ್ದ. ಮುಟ್ಟೋರು ಒಬ್ಬರು, ಬರಿಯೋರು ಇನ್ನೊಬ್ಬರು. ಅಲ್ಲಿ ಜಾತಿ ಇರಲಿಲ್ಲ, ಆದರೂ ಕೆಲಸ ಹಂಚಿದ ರೀತಿ ನೋಡ್ರಿ.

ಜಾನ್ ಗ್ರಾಂಟ್ ಅನ್ನೋ ಬಟ್ಟೆ-ಗುಂಡಿ ವ್ಯಾಪಾರಿ ಆ ವಾರದ ಪಟ್ಟಿಗಳನ್ನೆಲ್ಲ ಕೂಡಿಹಾಕಿ, ಲೆಕ್ಕ ಮಾಡಿ 1662ರಲ್ಲಿ ಪುಸ್ತಕ ಬರೆದ. ಅಂಕಿಸಂಖ್ಯೆ ಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಒಂದು ಅಂತಾರೆ ಅದನ್ನ. ಗ್ರಾಂಟ್ ಒಂದು ಮಾತು ಬರೆದಿದ್ದಾನೆ: ಮನೆತನದ ಮರ್ಯಾದೆ ಹೋಗುವಂಥ ಗುಪ್ತರೋಗದಿಂದ ಸತ್ತರೆ ಆ ಮುದುಕಿಯರಿಗೆ ಒಂದು ಲೋಟ ಬಿಯರು, ನಾಲ್ಕು ಕಾಸು ಹೆಚ್ಚಿಗೆ ಕೊಟ್ಟು ಬ್ಯಾರೆ ಹೆಸರು ಬರೆಸ್ತಿದ್ದರಂತೆ. ಅಂದ್ರ ದುಡ್ಡಿದ್ದವರ ಸಾವಿನ ಕಾರಣ ಬದಲಾಗ್ತಿತ್ತು.

ಆಮೇಲೆ ಬಂದವನು ವಿಲಿಯಂ ಫಾರ್. 1807ರಲ್ಲಿ ಒಬ್ಬ ಕೂಲಿಕಾರನ ಮನೆಯಲ್ಲಿ ಹುಟ್ಟಿದವನು. ಊರಿನ ದೊಡ್ಡವರೊಬ್ಬರ ಆಸರೆಯಲ್ಲಿ ಓದಿ, ಇಂಗ್ಲೆಂಡಿನ ಜನನ ಮರಣ ನೋಂದಣಿ ಕಚೇರಿಗೆ ಸೇರಿದ. ಪಟ್ಟಿಗಳಿಂದ ಸಾರಾಂಶ ತೆಗೆಯೋ ಕೆಲಸ ಅವನದು. ಒಂದೊಂದು ಊರಿನ ಡಾಕ್ಟರು ಒಂದೇ ರೋಗಕ್ಕೆ ಒಂದೊಂದು ಹೆಸರು ಬರೆದರೆ ಲೆಕ್ಕ ಹೆಂಗ ಕೂಡೋದು? ಎಲ್ಲರೂ ಒಪ್ಪೋ ಒಂದು ಪಟ್ಟಿ ಬೇಕು ಅಂತ ಜೀವನಪೂರ್ತಿ ಹೇಳಿದ.

ಫಾರ್ ತನ್ನ ಮೊದಲ ವರದಿಯಲ್ಲಿ 63 ಸಾವುಗಳ ಮುಂದೆ ಕಾರಣ ‘ಹಸಿವು’ ಅಂತ ಎಣಿಸಿದ. ಸರ್ಕಾರಕ್ಕೆ ಸಿಟ್ಟು ಬಂತು. ಬಡವರ ಕಾಯ್ದೆಯ ಆಯೋಗದ ಕಾರ್ಯದರ್ಶಿ ಎಡ್ವಿನ್ ಚಾಡ್ವಿಕ್ ತಕರಾರು ತೆಗೆದ. 1834ರ ಆ ಕಾಯ್ದೆಯ ಪ್ರಕಾರ ಬಡವರಿಗೆ ನೆರವು ಸಿಗುವಾಗ ಇಂಗ್ಲೆಂಡಿನಾಗ ಹಸಿವಿನಿಂದ ಸಾಯೋದು ಹೆಂಗ ಸಾಧ್ಯ, ರೋಗ ಯಾವುದೋ ಬ್ಯಾರೆ ಇರಬೇಕು ಅನ್ನೋದು ಅವನ ವಾದ. ಹಸಿವು ಸೀದಾ ಕೊಲ್ಲೋದಕ್ಕಿಂತ ಮೈ ಸೊರಗಿಸಿ, ಜ್ವರದ ಕೈಗೋ ಭೇದಿಯ ಕೈಗೋ ಕೊಟ್ಟು ಕೊಲ್ಲೋದೇ ಹೆಚ್ಚು ಅನ್ನೋದು ಫಾರ್ ಉತ್ತರ. ನಮ್ಮ ದೇಶದಲ್ಲಿ ಇವತ್ತಿಗೂ ಇದೇ ಜಗಳ ನಡೀತದ. ಹಸಿವಿನಿಂದ ಯಾರಾದರೂ ಸತ್ತರು ಅಂತ ಸುದ್ದಿ ಬಂದ ಮರುದಿನ ‘ಅನಾರೋಗ್ಯದಿಂದ ಸಾವು’ ಅಂತ ಅಧಿಕಾರಿಗಳ ಸ್ಪಷ್ಟೀಕರಣ ಬರ್ತದ. ನಾವೆಲ್ಲ ಧರಣಿ ಕೂತು ನೋಡಿದವರೇ.

ಅವನ ನಂತರ ಪ್ಯಾರಿಸ್ಸಿನ ಜಾಕ್ ಬರ್ತಿಯೋ 1893ರಲ್ಲಿ ಸಾವಿನ ಕಾರಣಗಳ ಒಂದು ಪಟ್ಟಿ ಮುಂದಿಟ್ಟ. 1900ರಲ್ಲಿ ಅದು ಅಂತಾರಾಷ್ಟ್ರೀಯ ಪಟ್ಟಿ ಆಯ್ತು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಕೈಗೆ ತಗೊಂಡು 6ನೇ ಆವೃತ್ತಿ ತಂದಿತು. ಅದೇ ಈಗಿನ ಐಸಿಡಿ. 10ನೇ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ಸಿಕ್ತು. 11ನೆಯದು 2022ರ ಜನವರಿ 1ರಿಂದ ಬಂದದ. ನಮ್ಮ ಅಕ್ಕನ ಮಗಳು ಬಾಯಿಪಾಠ ಮಾಡೋ ಕೋಡುಗಳ ವಂಶಾವಳಿ ಇದು: ಹೆಣ ಮುಟ್ಟಿದ ಬಡ ಮುದುಕಿಯರು, ಒಬ್ಬ ಗುಂಡಿ ವ್ಯಾಪಾರಿ, ಒಬ್ಬ ಕೂಲಿಯವನ ಮಗ.

ಇದೆಲ್ಲ ನಮಗ್ಯಾಕ ಅಂತ ಕೇಳಬಹುದು. ಒಂದು ಲೆಕ್ಕ ಹೇಳ್ತೀನಿ. 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಬೊಂಬಾಯಿ ನಗರದಲ್ಲಿ ಸಾವಿನ ಪುಸ್ತಕದಾಗ ಜಾತಿ-ಧರ್ಮದ ಕಾಲಂ ಇತ್ತು. ಸಾವಿರಕ್ಕೆ ಎಷ್ಟು ಜನ ಸತ್ತರು ನೋಡ್ರಿ: ಯುರೋಪಿಯನ್ನರು 8.3, ಪಾರ್ಸಿಗಳು 9, ಮೇಲಿನ ಹಿಂದೂಗಳು 18.9, ‘ಕೆಳಜಾತಿ’ ಅಂತ ಬರೆದ ನಮ್ಮವರು 61.6. ರೋಗ ಒಂದೇ, ಊರು ಒಂದೇ, ವರ್ಷ ಒಂದೇ. ರೋಗಕ್ಕೆ ಜಾತಿ ಇಲ್ಲ ಅಂತಾರಲ್ಲ, ಅವರಿಗೆ ಈ ಸಾಲು ತೋರಿಸ್ರಿ. ಕತ್ತಲ ಚಾಳು, ಅರೆಹೊಟ್ಟೆ, ಡಾಕ್ಟರು ಮುಟ್ಟದ ಮೈ, ಎಲ್ಲಾ ಸೇರಿ 61.6 ಆಗಿತ್ತು. ಈ ಸತ್ಯ ನಮಗೆ ಸಿಕ್ಕಿದ್ದು ಯಾವನೋ ಒಬ್ಬ ಗುಮಾಸ್ತ ಆ ಕಾಲಂ ಖಾಲಿ ಬಿಡದೇ ತುಂಬಿದ್ದಕ್ಕೆ. ಕಾಲಂ ಇರದಿದ್ದರೆ 61.6 ಅನ್ನೋ ಅಂಕಿ ಸರಾಸರಿಯೊಳಗ ಕರಗಿಹೋಗ್ತಿತ್ತು.

ಇನ್ನೊಂದು ಘಟನೆ ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಕೊಟ್ಟಿದ್ದಾರೆ. ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮಾಸ್ತರರ ಪತ್ರ, 1929ರ ಡಿಸೆಂಬರ್ 12ರ ‘ಯಂಗ್ ಇಂಡಿಯಾ’ದಲ್ಲಿ ಬಂದದ್ದು. ಹೆರಿಗೆಯಾದ ಹೆಂಡತಿಗೆ ಜಡ್ಡಾಗಿತ್ತು. ಡಾಕ್ಟರು ಕೇರಿಯೊಳಗೆ ಬರಲಿಲ್ಲ. ಬಾಣಂತಿಯನ್ನ ಹೊರಗೆ ತಂದು ಮಲಗಿಸಿದರು. ಡಾಕ್ಟರು ಥರ್ಮಾಮೀಟರನ್ನ ಒಬ್ಬ ಮುಸಲ್ಮಾನರ ಕೈಗೆ ಕೊಟ್ಟರು, ಅವರು ಗಂಡನ ಕೈಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ಅದು ತಿರುಗಿ ಬಂತು. ಲಾಟೀನು ಬೆಳಕಿನಾಗ ನೋಡಿ ನ್ಯುಮೋನಿಯಾ ಅಂದು ಹೋದರು. ಮತ್ತೆ ಬರಲಿಲ್ಲ. ಆ ತಾಯಿ ತೀರಿಹೋದಳು.

ಆಕೆಯ ಸಾವಿಗೆ ಇವತ್ತು ಕೋಡ್ ಹಾಕು ಅಂದ್ರ ಏನು ಹಾಕ್ತಾರೆ? ನ್ಯುಮೋನಿಯಾ. ಅದು ಸುಳ್ಳಲ್ಲ. ಆದರೆ ಅದು ಪೂರಾ ಸತ್ಯವೂ ಅಲ್ಲ. ಐಸಿಡಿ 10ರಲ್ಲಿ ಝಡ್60.5 ಅನ್ನೋ ಕೋಡ್ ಐತಿ. ಗುಂಪಿನ ಕಾರಣಕ್ಕೆ ತಾರತಮ್ಯಕ್ಕೆ, ಕಿರುಕುಳಕ್ಕೆ ಗುರಿಯಾದವರಿಗೆ ಅದು. ವಿವರಣೆಯಲ್ಲಿ ಚರ್ಮದ ಬಣ್ಣ ಐತಿ, ಧರ್ಮ ಐತಿ, ಜನಾಂಗ ಐತಿ, ಕೊನೆಗೆ ‘ಇತ್ಯಾದಿ’ ಐತಿ. ಜಾತಿ ಅನ್ನೋ ಶಬ್ದ ಇಲ್ಲ. ನಾವು ಎಲ್ಲಿದೀವಿ? ಆ ಇತ್ಯಾದಿಯೊಳಗ. ಒಳಮೀಸಲಾತಿ ಹೋರಾಟದಾಗ ಇದೇ ಸಂಕಟ ನೋಡಿದ್ವಲ್ಲ. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತ ಬರೆಸಿ, ಒಳಗೆ ಹೊಲೆಯರೆಷ್ಟು ಮಾದಿಗರೆಷ್ಟು ಅಂತ ಲೆಕ್ಕ ಸಿಗದೇ ಎಷ್ಟು ವರ್ಷ ಹೋದವು. 2025ರ ಸಮೀಕ್ಷೆಯ ಹೊತ್ತಿಗೆ ಮನೆ ಮನೆಗೆ ಹೋಗಿ ‘ಮೂಲ ಜಾತಿ ಬರೆಸ್ರಿ’ ಅಂತ ಹೇಳಿದ್ವಿ. ಕಾಲಂನ ಬೆಲೆ ನಮಗೆ ಹೊಸದಲ್ಲ.

ಬೀಳಗಿ ಕಡೆಯವರಿಗಂತೂ ಹೇಳೋದೇ ಬ್ಯಾಡ. ಆಲಮಟ್ಟಿ ಹಿನ್ನೀರು ಬಂದಾಗ ಉತಾರದಾಗ ಹೆಸರಿದ್ದವರಿಗೆ ಹೊಲದ ಪರಿಹಾರ. ಅದೇ ಹೊಲದಾಗ ಮೂರು ತಲೆಮಾರು ದುಡಿದು ಉತಾರದಾಗ ಹೆಸರಿಲ್ಲದವರಿಗೆ? ನೀರು ಎಲ್ಲರ ಮನೆಗೂ ಬಂತು, ಕಾಗದ ಎಲ್ಲರ ಮನೆಗೂ ಬರಲಿಲ್ಲ.

ಈಗ ನನ್ನ ಮನೆಯ ಮಾತು. ನಮ್ಮವ್ವ ಬನಹಟ್ಟಿಯಲ್ಲಿ ನೇಕಾರಿಕೆ ಶೆಡ್ಡಿನಾಗ ವರ್ಷಾನುಗಟ್ಟಲೆ ಕಂಡಿಕಿ ಸುತ್ತಿದಾಕಿ. ಮನೆಗೆ ಬಂದರೆ ತಲೆಗೂದಲ ಮ್ಯಾಲೆ ನೂಲಿನ ಧೂಳು ಮಂಜು ಬಿದ್ದಂಗ ಇರ್ತಿತ್ತು. ಸೂಟಿ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿದು, ಕೆಮ್ಮು, ಉಸಿರು ಸಿಗ್ತಿರಲಿಲ್ಲ. ತೀರಿಕೊಂಡಾಗ ನಮ್ಮ ಕಡೆಯ ಒಂದು ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಅಂತಿತ್ತು. ಆಗ ನಾನು ಅದನ್ನ ದೊಡ್ಡ ರೋಗದ ಹೆಸರು ಅಂತ ತಿಳಿದು ಮಡಚಿ ಇಟ್ಟೆ. ಈಗ ಅಕ್ಕನ ಮಗಳು ಅದನ್ನ ಓದಿ ಹೇಳಿದಳು: “ಮಾಮಾ, ಇದು ರೋಗ ಅಲ್ಲ. ಎದಿ ನಿಂತಿತು, ಉಸಿರು ನಿಂತಿತು ಅಂತ ಅಷ್ಟೇ. ಸತ್ತವರಿಗೆಲ್ಲಾ ಅದು ಆಗೇ ಆಗ್ತೈತಿ.”

ನಾನು ಎರಡು ನಿಮಿಷ ಸುಮ್ಮನೇ ಕೂತೆ.

ಸಾವಿನ ಕಾರಣದ ಪ್ರಮಾಣಪತ್ರದ ನಮೂನೆ 4ರಲ್ಲಿ ಸೀದಾ ಕಾರಣ ಯಾವುದು, ಅದರ ಹಿಂದಿನ ಮೂಲ ಕಾರಣ ಯಾವುದು ಅಂತ ಒಂದರ ಕೆಳಗೊಂದು ಸಾಲು ಇರ್ತಾವು. ಸತ್ತ ರೀತಿ ಬರೀಬ್ಯಾಡ್ರಿ, ರೋಗ ಬರೀರಿ ಅಂತ ಅದರಲ್ಲೇ ಸೂಚನೆ ಐತಿ. ನಮ್ಮವ್ವನ ರೋಗ ಏನಿತ್ತು ಅಂತ ನಾನು ಈಗ ಸಾಬೀತು ಮಾಡಲಾರೆ. ಆದರೆ ಹತ್ತಿ ಧೂಳಿನಿಂದ ಬರೋ ಉಸಿರಿನ ರೋಗಕ್ಕೆ ಬಿಸಿನೋಸಿಸ್ ಅಂತ ಹೆಸರೈತಿ, ಜೆ66.0 ಅಂತ ಕೋಡ್ ಐತಿ. ರಜೆಯ ಮರುದಿನ ಎದೆ ಬಿಗಿಯೋದೇ ಅದರ ಮುಖ್ಯ ಗುರುತು. ಸಕ್ಕರೆ ಕಾರ್ಖಾನೆಯಲ್ಲಿ ಬೂಸ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳಿನಿಂದ ಬರೋ ರೋಗಕ್ಕೆ ಬಗ್ಯಾಸೋಸಿಸ್, ಜೆ67.1. ಈ ಎರಡೂ ರೋಗದ ಹೆಸರು 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಇದ್ದವು. ಅಂದ್ರ ಕಾಗದದಾಗ ಆ ಹೆಸರು ಬಂದರೆ ಪರಿಹಾರ ಕೇಳೋ ದಾರಿ ತೆರೀತದ. ‘ಎದಿ ನಿಂತಿತು’ ಅಂತ ಬರೆದರೆ ದಾರಿಯೂ ನಿಂತಿತು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿಲ್ಲದ ಓಣಿ ಇಲ್ಲ, ಮುಧೋಳ-ಜಮಖಂಡಿಯಲ್ಲಿ ಕಬ್ಬಿನ ಗಾಡಿ ಕಾಣದ ರಸ್ತೆ ಇಲ್ಲ. ನಿಮ್ಮ ಮನೆಯಲ್ಲಿ ಯಾರ ಕಾಗದದಲ್ಲಾದರೂ ಈ ಎರಡು ಹೆಸರು ನೋಡೀರೇನು?

ಮ್ಯಾನ್‌ಹೋಲ್ ವಿಷಯ ಇನ್ನೂ ಗಂಭೀರ. ಒಳಗಿನ ಹೈಡ್ರೋಜನ್ ಸಲ್ಫೈಡ್ ಗ್ಯಾಸಿಗೆ ಟಿ59.6. 2013ರಲ್ಲಿ ಕಾಯ್ದೆ ಬಂತು. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ 1993ರಿಂದ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕು ಅಂತು, 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಆದರೆ ಕಾಗದದಾಗ ‘ಕಾಲು ಜಾರಿ ಬಿದ್ದು’ ಅಂತಲೋ ‘ಹೃದಯಾಘಾತ’ ಅಂತಲೋ ಬರೆದರೆ ಆ ಹೆಣ್ಣುಮಗಳು ಗಂಡನ ಫೋಟೋ ಹಿಡಕೊಂಡು ಕಚೇರಿಯಿಂದ ಕಚೇರಿಗೆ ಅಲೀಬೇಕು. ಗೆಳೆಯರೇ, ಇದೊಂದು ನೆನಪಿಡ್ರಿ: 2023ರ ತಿದ್ದುಪಡಿ ಪ್ರಕಾರ ಸಾವಿನ ಕಾರಣದ ಪ್ರಮಾಣಪತ್ರದ ಪ್ರತಿಯನ್ನ ಹತ್ತಿರದ ಸಂಬಂಧಿಗೆ ಕೊಡಬೇಕು. ಕೇಳಿ ತಗೊಳ್ರಿ. ಓದಿಸ್ರಿ. ಮಡಚಿ ಇಡಬ್ಯಾಡ್ರಿ.

ಈಗ ನೌಕರಿಯ ವಿಷಯಕ್ಕೆ ಬರ್ತೀನಿ. ಸಾವಿನ ಲೆಕ್ಕಕ್ಕೆ ಹುಟ್ಟಿದ ಪಟ್ಟಿ ದುಡ್ಡಿನ ಲೆಕ್ಕಕ್ಕೆ ಹೆಂಗ ಬಂತು?

ಅದು ಅಮೆರಿಕದ ಕಥೆ. 1965ರಲ್ಲಿ ಅಲ್ಲಿ ಮುದುಕರಿಗೆ ಮೆಡಿಕೇರ್ ಅನ್ನೋ ಸರ್ಕಾರಿ ವಿಮೆ ಬಂತು. 1966ರಲ್ಲಿ ಅಲ್ಲಿನ ಡಾಕ್ಟರುಗಳ ಸಂಘ ಚಿಕಿತ್ಸೆಗಳಿಗೆ ಸಿಪಿಟಿ ಅನ್ನೋ ಕೋಡ್ ಪುಸ್ತಕ ತಂದಿತು. ರೋಗಕ್ಕೆ ಐಸಿಡಿ, ಮಾಡಿದ ಚಿಕಿತ್ಸೆಗೆ ಸಿಪಿಟಿ, ಎರಡೂ ಹೊಂದಿದರೆ ದುಡ್ಡು. 1996ರ ಹಿಪಾ ಕಾಯ್ದೆಯಿಂದ ಬಿಲ್ಲುಗಳು ಕಂಪ್ಯೂಟರಿನಲ್ಲಿ ಹೋಗೋದಕ್ಕೆ ಒಂದೇ ನಮೂನೆ ಬಂತು. ಅಷ್ಟರಲ್ಲಿ ಬೆಂಗಳೂರು, ಚೆನ್ನೈ, ಹೈದರಾಬಾದಿನಲ್ಲಿ ಇಂಗ್ಲಿಷ್ ಓದಿ ಬರಿಯೋ ಮಕ್ಕಳು ಕಡಿಮೆ ಸಂಬಳಕ್ಕೆ ಸಿಗ್ತಿದ್ದರು. ಅಲ್ಲಿ ರಾತ್ರಿ ಅಂದ್ರ ಇಲ್ಲಿ ಹಗಲು. ಅಲ್ಲಿನ ಡಾಕ್ಟರು ಮಲಗಿ ಏಳೋದರೊಳಗೆ ಇಲ್ಲಿ ಕೆಲಸ ಮುಗೀತಿತ್ತು. 2015ರ ಅಕ್ಟೋಬರ್ 1ರಂದು ಅಮೆರಿಕ 9ನೇ ಆವೃತ್ತಿ ಬಿಟ್ಟು 10ಕ್ಕೆ ಬಂತು. ಸುಮಾರು 14,000 ಇದ್ದ ರೋಗದ ಕೋಡುಗಳು ಸುಮಾರು 70,000 ಆದವು. ಕೆಲಸ ಹೆಚ್ಚಾಯ್ತು, ಕೋಡರ್‌ಗಳಿಗೆ ಬೇಡಿಕೆ ಬಂತು. ಜಮಖಂಡಿಯ ಗೋಡೆ ಮ್ಯಾಲಿನ ಪಾಂಪ್ಲೆಟ್ಟಿನ ಮೂಲ ಇದು.

ಇಲ್ಲಿಯೂ ಅಂಥ ಕೆಲಸ ಬೆಳೀತಾ ಐತಿ. 2003ರಲ್ಲಿ ಯಶಸ್ವಿನಿ ಬಂತು. ಅದು ಸಹಕಾರಿ ಸಂಘದ ಸದಸ್ಯರಿಗೆ, ಹೊಲ ಇಲ್ಲದ ನಮ್ಮವರು ಎಷ್ಟು ಜನ ಸಂಘದ ಸದಸ್ಯರಾಗಿದ್ದರು ನೀವೇ ಹೇಳ್ರಿ. 2010ರಲ್ಲಿ ಬಿಪಿಎಲ್ ಮನೆಗಳಿಗೆ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದ ಆಯುಷ್ಮಾನ್ ಭಾರತ. ಅದರಲ್ಲೂ ಪ್ರತಿ ಆಪರೇಷನ್ನಿಗೆ ಪ್ಯಾಕೇಜ್ ಕೋಡ್ ಐತಿ. ಕೋಡ್ ತಪ್ಪಾದರೆ, ಕಾಗದ ಒಂದು ಕಡಿಮೆ ಬಿದ್ದರೆ ಆಸ್ಪತ್ರೆಗೆ ದುಡ್ಡು ಬರೋದಿಲ್ಲ, ಅವರು ಬಡ ರೋಗಿಯ ಕಡೆ ಕೈ ಚಾಚ್ತಾರೆ.

ಅಕ್ಕನ ಮಗಳಿಗೆ ನಾನು ಹೇಳಿದ್ದನ್ನೇ ನಿಮ್ಮ ಮನೆ ಮಕ್ಕಳಿಗೂ ಹೇಳ್ತೀನಿ.

ಒಂದು, ಗ್ಯಾರಂಟಿ ಅನ್ನೋರನ್ನ ನಂಬಬ್ಯಾಡ್ರಿ. ನಮ್ಮ ಸಂಬಂಧಿಕರ ಹುಡುಗನೊಬ್ಬ ಒಂದು ತರಬೇತಿ ಸಂಸ್ಥೆಗೆ ಸಾಲ ಮಾಡಿ ದುಡ್ಡು ಕಟ್ಟಿದ. ಮೂರು ತಿಂಗಳು ಜೆರಾಕ್ಸ್ ಕೊಟ್ಟು, ಒಂದು ಸರ್ಟಿಫಿಕೇಟ್ ಕೈಗಿಟ್ಟು, ಆಮೇಲೆ ಫೋನ್ ಎತ್ತಲಿಲ್ಲ. ಯಾರೋ ಕೊಟ್ಟ ಸರ್ಟಿಫಿಕೇಟ್ ಬ್ಯಾರೆ, ಕಂಪನಿಗಳು ಕೇಳೋ ಪರೀಕ್ಷೆ ಬ್ಯಾರೆ. ಹೆಚ್ಚು ಕೇಳೋದು ಸಿಪಿಸಿ. ಅಮೆರಿಕದಲ್ಲಿ 1988ರಲ್ಲಿ ಶುರುವಾದ ಎಎಪಿಸಿ ಅನ್ನೋ ಸಂಸ್ಥೆ ಅದನ್ನ ನಡೆಸ್ತದ. 100 ಪ್ರಶ್ನೆ, 4 ತಾಸು, 70 ಅಂಕ ಬೇಕು. ಕೋಡ್ ಪುಸ್ತಕ ನೋಡಿಯೇ ಬರೀಬಹುದು. ಹೊಸಬರಿಗೆ ಹೆಸರಿನ ಮುಂದೆ ‘ಎ’ ಅಂತ ಇರ್ತದ, ಅನುಭವ ಆದ ಮೇಲೆ ಅದು ಹೋಗ್ತದ. ರೊಕ್ಕ ಕಟ್ಟೋ ಮೊದಲು ಆ ಸಂಸ್ಥೆಯಲ್ಲಿ ಕಲಿತು ಈಗ ಕೆಲಸದಲ್ಲಿರೋ ಮೂರು ಮಂದಿಯ ಜೋಡಿ ಮಾತಾಡ್ರಿ. ಮೂವರೂ ಸಿಗದಿದ್ದರೆ ಅದೇ ಉತ್ತರ.

ಎರಡು, ಕೋಡಿಂಗಿಗೆ ಸಾಮಾನ್ಯವಾಗಿ ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದವರನ್ನ ಕೇಳ್ತಾರೆ. ನನ್ನಂಥ ಬಿ.ಎ.ದವರಿಗೆ ಬಾಗಿಲು ಸಣ್ಣದು. ಬಿಲ್ಲಿಂಗಿನ ಫೋನ್ ಕೆಲಸಕ್ಕೆ ಯಾವ ಡಿಗ್ರಿಯಾದರೂ ನಡೀತದ, ಆದರೆ ಮಾತಾಡೋ ಇಂಗ್ಲಿಷ್ ಬೇಕು, ರಾತ್ರಿ ಪಾಳಿ ಇರ್ತದ. ಹೆಣ್ಣುಮಕ್ಕಳನ್ನ ಕಳಿಸೋರು ರೂಮು, ಗಾಡಿ ವ್ಯವಸ್ಥೆ ಮೊದಲೇ ಕೇಳ್ರಿ.

ಮೂರು, ಕಲಿಯೋದು ಶರೀರರಚನೆಯಿಂದ ಶುರು ಮಾಡ್ರಿ. ಎಲುಬು, ನರ, ಕರುಳು ಗೊತ್ತಿಲ್ಲದೇ ಕೋಡ್ ಬಾಯಿಪಾಠ ಮಾಡಿದರೆ ನಿಲ್ಲೋದಿಲ್ಲ.

ನಾಲ್ಕು, ಇದೂ ಶಾಶ್ವತ ಅಲ್ಲ. ಡಾಕ್ಟರು ಬರೆದದ್ದನ್ನ ಓದಿ ಕಂಪ್ಯೂಟರೇ ಕೋಡ್ ಸೂಚಿಸೋ ತಂತ್ರಾಂಶ ಬಂದಾವು. ತಪ್ಪು ಹಿಡಿಯೋ ಮಟ್ಟಕ್ಕೆ ಕಲಿತವರು ಉಳೀತಾರೆ. ನಮ್ಮ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನ ಮೆಡಿಕಲ್ ರೆಕಾರ್ಡ್ಸ್ ಡಿಪ್ಲೊಮಾನೂ ಐತಿ, ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರರ ಕೆಲಸಾನೂ ಐತಿ. ಊರು ಬಿಡಲಾಗದ ಮಕ್ಕಳು ಅದನ್ನೂ ವಿಚಾರಿಸ್ರಿ.

ಒಬ್ಬ ಸಂಗಾತಿ ಕೇಳಿದರು: “ಅಣ್ಣಾ, ಅಮೆರಿಕದ ವಿಮಾ ಕಂಪನಿ ಬಿಲ್ಲು ಬರೆಯೋದು ವಿಮೋಚನೆ ಏನು?” ಅಲ್ಲ. ಖಂಡಿತ ಅಲ್ಲ. ಅದು ಖಾಸಗಿ ನೌಕರಿ, ಅಲ್ಲಿ ಮೀಸಲಾತಿಯೂ ಇಲ್ಲ. ನಾವು ಆ ಬೇಡಿಕೆ ಬಿಡೋದಿಲ್ಲ. ಆದರೆ ಬಾಡಿಗೆ ಕಟ್ಟಬೇಕು, ತಮ್ಮನ ಫೀಸು ಕಟ್ಟಬೇಕು, ಅವ್ವನ ಬೆಂಡೋಲಿ ಉಳೀಬೇಕು. ಅದರ ಜೋಡಿ ಇನ್ನೊಂದು ಲಾಭ ನನಗೆ ಕಾಣ್ತದ. ಕೇರಿಗೊಬ್ಬರಾದರೂ ಆಸ್ಪತ್ರೆ ಕಾಗದ ಓದೋರು ಬೇಕು. ‘ಇದು ರೋಗದ ಹೆಸರಲ್ಲ, ಮೂಲ ಕಾರಣ ಬರೀರಿ ಸರ್’ ಅಂತ ಡಾಕ್ಟರ ಎದುರು ನಿಂತು, ಸುಳ್ಳು ಹೇಳದೇ, ಸರಿಯಾದ ಶಬ್ದ ಹಿಡಿದು ಕೇಳೋರು ಬೇಕು. ಮೈ ಮಾರಿ ದುಡಿದವರ ಮೈಗೆ ಏನಾಯ್ತು ಅಂತ ಬರಿಯೋ ವಿದ್ಯೆ ಆ ಮನೆಯ ಮಕ್ಕಳಿಗೇ ಬರಬೇಕು.

ಅಕ್ಕನ ಮಗಳು ಪಾಂಪ್ಲೆಟ್ಟಿನ ಸಂಸ್ಥೆಗೆ ಸೇರಲಿಲ್ಲ. ಬೆಂಗಳೂರಿನ ನಮ್ಮ ಹುಡುಗರು ತಮ್ಮ ಹೋದ ವರ್ಷದ ಕೋಡ್ ಪುಸ್ತಕ ಕಳಿಸಿದರು. ಪರೀಕ್ಷೆಗೆ ಆ ವರ್ಷದ ಹೊಸ ಪುಸ್ತಕ ಬೇಕು, ಆದರೆ ಕಲಿಯೋಕೆ ಹಳೇದು ಸಾಕು. ಮುಂಜಾನೆ ಶರೀರಶಾಸ್ತ್ರ, ಸಂಜೆ ಕೋಡು. ಪರೀಕ್ಷೆ ಫೀಸು ನಾನೂ ಅಕ್ಕನೂ ಅರ್ಧ ಅರ್ಧ ಕೂಡಿಡಾಕತ್ತೀವಿ. ಪಾಸಾಗ್ತಾಳೋ ಇಲ್ಲೋ ಗೊತ್ತಿಲ್ಲ. ಮೊನ್ನೆ ನಮ್ಮವ್ವನ ಆ ಕಾಗದ ಕೇಳಿ ಇಸಕೊಂಡು ತನ್ನ ಪುಸ್ತಕದಾಗ ಜೆ66 ಇರೋ ಪುಟದಾಗ ಇಟ್ಕೊಂಡಾಳ.

ಕೊನೆಗೆ ಒಂದು ಕೆಲಸ. ಈ ಕ್ಷೇತ್ರದಲ್ಲಿ ಈಗಾಗಲೇ ಇರೋ ನಮ್ಮವರು ಕೆಳಗೆ ಬರೀರಿ: ಎಲ್ಲಿ ಕಲಿತ್ರಿ, ಎಷ್ಟು ಖರ್ಚಾಯ್ತು, ಮೊದಲ ಸಂಬಳ ಎಷ್ಟು, ಏನು ತಪ್ಪು ಮಾಡಿದ್ರಿ. ಹಳೇ ಕೋಡ್ ಪುಸ್ತಕ ರದ್ದಿಗೆ ಹಾಕಬ್ಯಾಡ್ರಿ, ನನಗೆ ತಿಳಿಸ್ರಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲಿ ಮಕ್ಕಳು ಕೇಳ್ತಾರೋ ಅಲ್ಲಿಗೆ ಮುಟ್ಟಿಸೋ ಜವಾಬ್ದಾರಿ ನನ್ನದು. ನಮ್ಮಜ್ಜ ಸಾವಿನ ಸುದ್ದಿ ಹೊತ್ತು ನಡೆದ ದಾರಿಯಾಗ ನಾನು ಪುಸ್ತಕ ಹೊತ್ತು ನಡೀತೀನಿ.

ಜೈ ಭೀಮ್.